ಒಡೆಯತಕ್ಕ ಗಾಜು ಮತ್ತು ಒಡೆಯಬಾರದ ಗಾಜು

ಸಭಾಭವನ, ಕುರ್ಚಿ ಮತ್ತು ಸಮಾರಂಭಗಳ ವಿಭಾಗ
ಲಿವೋರ್ನೊ

ಸುತ್ತೋಲೆ ಸಂಖ್ಯೆ: ಸಕುಸ/ಗಾಜು/ತುರ್ತು/14

ವಿಷಯ: ಬರುವ ಭಾನುವಾರ ಅಟ್ಟಿಯಾಸ್ (ಯಹೂದಿ) ಮತ್ತು ಬಾಕ್ಕಿ (ಕಥೊಲಿಕ) ಕುಟುಂಬಗಳ ಮದುವೆಯಲ್ಲಿ ತುಳಿಯಬೇಕಾದ ಹಾಗೂ ತುಳಿಯಬಾರದ ವಸ್ತುಗಳ ಬಗ್ಗೆ.

ಉಲ್ಲೇಖ: 1) ವಧುವಿನ ಮನವಿ (ಅಳುತ್ತಾ ಸಲ್ಲಿಸಿದ್ದು). 2) ವರನ ಸೋದರತ್ತೆಯ ವಿವರಣೆ (ಕೂಗುತ್ತಾ ಸಲ್ಲಿಸಿದ್ದು). 3) ಪಾದ್ರಿಯವರ ಮೌನ.

ಕಳೆದ ಭಾನುವಾರ ಸಂಜೆ 5.20ಕ್ಕೆ ಈ ಭವನದ ತೋಟದಲ್ಲಿ ನಡೆದ ಮದುವೆ ತಾಲೀಮಿನಲ್ಲಿ ವರ ಸಿಮೋನೆ ಅಟ್ಟಿಯಾಸ್ ಅವರು ಬಲಗಾಲಿನಿಂದ ದೇವಮಾತೆಯನ್ನು ತುಳಿದು ಒಡೆದಿರುತ್ತಾರೆ.

ಯಹೂದಿ ಪದ್ಧತಿಯಂತೆ ಮದುವೆಯ ಕೊನೆಗೆ ವರನು ಗಾಜಿನ ಲೋಟವೊಂದನ್ನು ತುಳಿದು ಒಡೆಯಬೇಕು. ಚೂರು ಸಿಡಿಯದಿರಲೆಂದು ಸೋದರತ್ತೆ ಎಲ್ವೀರಾ ಲೋಟಕ್ಕೆ ಬಿಳಿ ಬಟ್ಟೆ ಸುತ್ತಿದ್ದರು. ವಧು ನಿಕೊಲೆಟ್ಟಾ ಅವರ ಅಜ್ಜಿ ಇಜೊಲಿನಾ ಬಾಕ್ಕಿ, ಹಿಂದೊಮ್ಮೆ ಲೂರ್ದಿಗೆ ತೀರ್ಥಯಾತ್ರೆ ಹೋಗಿ ತಂದ ಪವಿತ್ರ ಜಲದ ಸೀಸೆಗೆ, ಒಡೆಯದಿರಲೆಂದು, ಅಂಥದೇ ಬಿಳಿ ಬಟ್ಟೆ ಸುತ್ತಿ ಅದೇ ಮೇಜಿನ ಮೇಲೆ ಇಟ್ಟಿದ್ದರು. ಸೀಸೆಯು ದೇವಮಾತೆಯ ಆಕಾರದಲ್ಲಿತ್ತು. ಮುಂದಿನದು ನಡಾವಳಿಯಲ್ಲಿ ದಾಖಲಾಗಿದ್ದು, ಯಥಾವತ್ತಾಗಿ ಕೊಡಲಾಗಿದೆ:

ಅಜ್ಜಿ: "ಮೂವತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ನಲ್ಲೋ! ದೇವಮಾತೆಯನ್ನ ತುಳಿದ ಕಾಲಿಗೆ ನನ್ನ ಮೊಮ್ಮಗಳನ್ನ ಕೊಡ್ಲಾ?"

ಎಲ್ವೀರಾ: "ಅವನಿಗೇನ್ ಗೊತ್ತಮ್ಮಾ! ಬಟ್ಟೆಯೊಳಗೆ ಕೂತಿದ್ರೆ ದೇವಮಾತೆ ಯಾರು, ಲೋಟ ಯಾವುದು?"

ಅಜ್ಜಿ: "ಸೊಂಟ ಇತ್ತಲ್ಲೇ! ಲೋಟಕ್ಕೆ ಸೊಂಟ ಇರುತ್ತೇನೇ?"

ಇಷ್ಟಾದ ಮೇಲೆ ಅಜ್ಜಿಯವರು ಮದುವೆಗೆ ಬರುವುದಿಲ್ಲವೆಂದು ಸಾರಿ ಹೊರನಡೆದಿರುತ್ತಾರೆ. ತಾಯಿಯಿಲ್ಲದ ವಧುವನ್ನು ಬೆಳೆಸಿದವರು ಇವರೇ. "ಅಜ್ಜಿ ಬರದೆ ನಾನು ಚಪ್ಪರದ ಕೆಳಗೆ ನಿಲ್ಲಲ್ಲ" ಎಂದು ವಧು ತಿಳಿಸಿದ್ದು, ಈ ವಿಭಾಗದ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದರು. ಮೆಟ್ಟಿಲ ಮೇಲೆ ಕೂರುವುದು ನಿಷಿದ್ಧವಾದರೂ ಯಾರೂ ಎಬ್ಬಿಸಲಿಲ್ಲ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಬಟ್ಟೆ ಸುತ್ತಿದ ಯಾವುದೇ ವಸ್ತುವನ್ನು ತುಳಿಯುವ ಮುನ್ನ ಕಿವಿಯ ಬಳಿ ಹಿಡಿದು ಅಲ್ಲಾಡಿಸತಕ್ಕದ್ದು.

2. ನೀರಿನ ಸದ್ದು ಕೇಳಿದಲ್ಲಿ ಕಾಲನ್ನು ಎತ್ತಿದಲ್ಲೇ ತಡೆಹಿಡಿದು ಪಾದ್ರಿಯವರ ಲಿಖಿತ ಅಭಿಪ್ರಾಯ ಪಡೆಯತಕ್ಕದ್ದು. ಅಭಿಪ್ರಾಯ ಬರುವ ತನಕ ಕಾಲು ಇಳಿಸುವಂತಿಲ್ಲ. ವರನಿಗೆ ಊರುಗೋಲನ್ನು ವಿಭಾಗವೇ ಒದಗಿಸುವುದು.

3. ಸೊಂಟವುಳ್ಳ ಲೋಟಗಳನ್ನು ಈ ಭವನದಲ್ಲಿ ಈ ಮೂಲಕ ನಿಷೇಧಿಸಲಾಗಿದೆ.

4. ಯಹೂದಿ ಪ್ರಾರ್ಥನೆಗೆ ಗಂಡಸರು ಟೋಪಿ ಧರಿಸಬೇಕೆಂದೂ, ಪಾದ್ರಿಯವರ ಆಶೀರ್ವಾದಕ್ಕೆ ತೆಗೆಯಬೇಕೆಂದೂ ಎರಡು ಕಡೆಯಿಂದ ಬೇಡಿಕೆ ಬಂದಿದೆ. ಪರಿಶೀಲಿಸಲಾಗಿ, ಟೋಪಿಯನ್ನು ಕೈಯಲ್ಲಿ ಹಿಡಿದು ತಲೆಯಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸತಕ್ಕದ್ದು. ಕೈ ಸೋತವರು ಪಕ್ಕದವರ ಟೋಪಿಯನ್ನು ಹಿಡಿಯಬಹುದು.

5. ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂದು ತಿಳಿಯದ ಅತಿಥಿಗಳು ಅರ್ಧ ಎದ್ದ ಸ್ಥಿತಿಯಲ್ಲಿ ಇರತಕ್ಕದ್ದು.

6. ಊಟದ ಕಚ್ಚುಕ್ಕೊ ಮೀನುಸಾರಿನಲ್ಲಿ ಯಹೂದಿ ಧರ್ಮದಲ್ಲಿ ನಿಷಿದ್ಧವಾದ ಆಕ್ಟೋಪಸ್, ಸಿಗಡಿ, ಚಿಪ್ಪುಮೀನು ಇರಬಾರದೆಂದು ಅಟ್ಟಿಯಾಸ್ ಕುಟುಂಬ ಕೋರಿದೆ. "ಆಕ್ಟೋಪಸ್ ಇಲ್ಲದಿದ್ರೆ ಅದು ಸಾರಲ್ಲ ಸ್ವಾಮೀ, ಬಂದರಿನ ನೀರು" ಎಂದು ವಧುವಿನ ತಂದೆ ಆಕ್ಷೇಪಿಸಿದ್ದಾರೆ. ಆದ್ದರಿಂದ ಆಕ್ಟೋಪಸ್ಸನ್ನು ಅತಿಥಿಯೆಂದು ಪರಿಗಣಿಸಿ, ಬಾಕ್ಕಿ ಕುಟುಂಬದ ಕಡೆಯ ಕೊನೆಯ ಮೇಜಿನಲ್ಲಿ ಪ್ರತ್ಯೇಕ ಕುರ್ಚಿ ಮಂಜೂರು ಮಾಡಲಾಗಿದೆ.

7. ಒಡೆದ ಸೀಸೆಯ ನೀರು ತೋಟದ ಹುಲ್ಲಿನಲ್ಲಿ ಇಂಗಿದೆ. ಆ ಹುಲ್ಲನ್ನು ಟೋಪಿ ತೆಗೆದು ಕತ್ತರಿಸಬೇಕೇ, ಹಾಕಿಕೊಂಡು ಕತ್ತರಿಸಬೇಕೇ ಎಂದು ಮಾಲಿ ಸ್ಪಷ್ಟೀಕರಣ ಕೇಳಿದ್ದಾನೆ. ತೀರ್ಮಾನವಾಗುವ ತನಕ ಹುಲ್ಲಿಗೆ ಬೆಳೆಯಲು ಅನುಮತಿ ನೀಡಲಾಗಿದೆ.

8. ಶ್ರೀಮತಿ ಇಜೊಲಿನಾ ಅವರು ಮದುವೆಗೆ ಹಾಜರಾಗತಕ್ಕದ್ದೆಂದು ಆದೇಶಿಸುವ ಅಧಿಕಾರ ಈ ವಿಭಾಗಕ್ಕಿಲ್ಲ. ಕಾನೂನು ಶಾಖೆಯಲ್ಲಿ ವಿಚಾರಿಸಲಾಗಿ, ಅಂಥ ಅಧಿಕಾರ ಯಾರಿಗೂ ಇಲ್ಲವೆಂದು ತಿಳಿದುಬಂದಿದೆ. ಆದ್ದರಿಂದ ಕೇಳಿಕೊಳ್ಳಲಾಗಿದೆ.

(ಸಹಿ)
ಮೇಲ್ವಿಚಾರಕರು
ಸಭಾಭವನ, ಕುರ್ಚಿ ಮತ್ತು ಸಮಾರಂಭಗಳ ವಿಭಾಗ

ಪ್ರತಿಗಳು:

1. ಪಾದ್ರಿಯವರಿಗೆ, ಮೌನ ಮುರಿಯುವ ಕೋರಿಕೆಯೊಂದಿಗೆ.

2. ಯಹೂದಿ ಪ್ರಾರ್ಥನೆ ಹಾಡುವವರಿಗೆ, ಅರ್ಧ ಎದ್ದವರನ್ನು ನೋಡಿ ನಗಬಾರದೆಂಬ ಸೂಚನೆಯೊಂದಿಗೆ.

3. ಮಾಲಿಗೆ, ಮಾಹಿತಿಗಾಗಿ. ಕತ್ತರಿಯನ್ನು ಹಿಂದಿರುಗಿಸುವುದು.

4. ವಧು ನಿಕೊಲೆಟ್ಟಾ ಅವರಿಗೆ, ಮೆಟ್ಟಿಲ ಮೇಲೆ, ಖುದ್ದಾಗಿ.

5. ವರ ಸಿಮೋನೆ ಅವರಿಗೆ. ಮನೆಯಲ್ಲಿ ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆಯೇ ಕಾರಿನಲ್ಲಿ ಲೂರ್ದಿಗೆ ಹೊರಟಿರುತ್ತಾರೆ.

6. ಶ್ರೀಮತಿ ಇಜೊಲಿನಾ ಅವರಿಗೆ. ಇವರೂ ಮನೆಯಲ್ಲಿ ಸಿಗಲಿಲ್ಲ. ಅದೇ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ ಇರುತ್ತಾರೆ. ದಾರಿಯಿಂದ ಕಚೇರಿಗೆ ಫೋನ್ ಮಾಡಿ, "ಹುಡುಗ ನಿಧಾನಕ್ಕೆ ಓಡಿಸ್ತಾನೆ, ಆದ್ರೂ ಭಾನುವಾರದೊಳಗೆ ಬರ್ತೀವಿ" ಎಂದು ತಿಳಿಸಿ, ಮೊದಲ ಸಾಲಿನಲ್ಲಿ ಎರಡು ಕುರ್ಚಿ ಕೇಳಿದ್ದಾರೆ: ಒಂದು ತಮಗೆ, ಪಕ್ಕದ್ದು ಎಲ್ವೀರಾ ಅವರಿಗೆ. ಕುರ್ಚಿಗಳನ್ನು ಹಾಕಲಾಗಿದೆ.