ಬೆಲ್ಟ್ ಕಟ್ಟಿದ ಮೇಲೆ

ಸಾಗರದ ನಮ್ಮ ಹೆರಿಗೆ ವಾರ್ಡಿನ ನಿಯಮ ಇದು, ಬರೆದವನು ಅಲ್ಲಿನ ಹಿರಿಯ ಡಾಕ್ಟರಾದ ನಾನೇ: ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದರೆ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತ ಎಣಿಸುವ ಯಂತ್ರ ಹಚ್ಚಬಾರದು, ಆಗಾಗ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕಿವಿಯಿಂದ ಕೇಳಬೇಕು. ಬಿ.ಪಿ. ಏರಿದವರಿಗೆ, ದಿನ ತುಂಬದವರಿಗೆ ಆ ಯಂತ್ರ ಬೇಕು, ಮಗುವಿನ ಜೀವ ಉಳಿಸೀತು. ಉಳಿದವರಲ್ಲಿ ಸುಳ್ಳು ಗಾಬರಿ ಹುಟ್ಟಿಸಿ ಬೇಡದ ಸಿಸೇರಿಯನ್‌ಗೆ ದಾರಿ ಮಾಡುತ್ತದೆ. ಈ ನಿಯಮವನ್ನು ಯಾರಾದರೂ ಮುರಿಯುತ್ತಲೇ ಇರುತ್ತಾರೆ.

೧

ಮಗಳ ಹೆರಿಗೆಗೆ ಬಂದ ಹುಂಚದ ತಾಯಿಯೊಬ್ಬರು ಹಟ ಹಿಡಿದರು. "ಪಕ್ಕದ ಮಂಚದವಳಿಗೆ ಕಟ್ಟಿದೀರಿ, ನಮ್ಮ ಹುಡುಗಿ ಎಂತ ಪಾಪ ಮಾಡಿದಾಳೆ?" ಕಿರಿಯ ಡಾಕ್ಟರು ಸೋತು ಕಟ್ಟಿಬಿಟ್ಟರು. ಆಮೇಲೆ ಮನೆಮಂದಿಯೆಲ್ಲ ಯಂತ್ರದ ಮುಂದೆ. ಹುಡುಗಿ ಮೂರು ಸಲ ನೀರು ಕೇಳಿದಳು. ತಾಯಿ ತಿರುಗಿಯೂ ನೋಡದೆ ಹೇಳಿದರು: "ಸ್ವಲ್ಪ ಸುಮ್ನಿರೇ, ಮಗು ಬಡಿತ ಕೇಳ್ಸಲ್ಲ."

೨

ನಿಟ್ಟೂರಿನ ಗಂಡನೊಬ್ಬ ಹೆಂಡತಿಗೆ ಹಾಗೇ ಬೆಲ್ಟ್ ಕಟ್ಟಿಸಿ, ಯಂತ್ರದಿಂದ ಬಂದ ಕಾಗದದ ಪಟ್ಟಿಯ ಫೋಟೊ ತೆಗೆದು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಹತ್ತು ನಿಮಿಷಕ್ಕೆ ನನ್ನ ಹತ್ತಿರ ಬಂದ.

"ನಮ್ಮ ಮಾವ ನೋಡಿದ್ರು ಸಾರ್. ಹೆದರೋದು ಬೇಡ ಅಂದ್ರು."

"ಅವರು ಡಾಕ್ಟರಾ?"

"ಹೌದು ಸಾರ್, ಪಶು ಆಸ್ಪತ್ರೇಲಿ."

೩

ಮೂರನೆಯ ಸಲ ಮುರಿದವನು ನಾನು. ತೀರ್ಥಹಳ್ಳಿಗೆ ಕೊಟ್ಟ ಹುಡುಗಿ, ಚೊಚ್ಚಲಿಗೆ ತವರಿಗೆ ಬಂದವಳು. ಯಾವ ತೊಂದರೆಯೂ ಇರಲಿಲ್ಲ. ಅವಳಪ್ಪ ನನ್ನ ಪರಿಚಯದವರು. "ನಮ್ಮ ಸಮಾಧಾನಕ್ಕೆ" ಅಂದರು, ಕಟ್ಟಿದೆ. ಸ್ವಲ್ಪ ಹೊತ್ತಿಗೆ ನೂರ ನಲವತ್ತಿದ್ದ ಬಡಿತ ತೊಂಬತ್ತಕ್ಕೆ ಇಳಿಯಿತು. ಆಪರೇಷನ್ ಥಿಯೇಟರ್‌ಗೆ ಫೋನ್ ಮಾಡಿ, ಸ್ಟ್ರೆಚರ್ ತರಿಸಿದೆ.

ಹೊಸನಗರದ ಹಿರಿಯ ಸಿಸ್ಟರ್ ಹುಡುಗಿಯ ಮಣಿಕಟ್ಟು ಹಿಡಿದಿದ್ದರು. "ಇವಳ ನಾಡಿನೂ ತೊಂಬತ್ತೇ ಸಾರ್. ಮಗ್ಗುಲಾದಾಗ ಬೆಲ್ಟ್ ಜಾರಿದೆ. ಯಂತ್ರ ತಾಯೀದೇ ಎಣಿಸ್ತಿದೆ."

"ವಾದ ಬೇಡ. ಇವಳನ್ನ ಸ್ಟ್ರೆಚರ್‌ಗೆ ಹತ್ತಿಸಿ."

ಸಿಸ್ಟರ್ ಸ್ಟ್ರೆಚರ್‌ನ ಬ್ರೇಕ್ ಒತ್ತಿ, ತಾವೇ ಹತ್ತಿ ಕೂತರು. "ಮೊದ್ಲು ಕೊಳವೆ ಇಟ್ಟು ಕೇಳಿ."

ಕೇಳಿದೆ. ನೂರ ನಲವತ್ತು. ಸಂಜೆ ಮಗು ತಾನಾಗೇ ಹುಟ್ಟಿ ವಾರ್ಡೆಲ್ಲ ಕೇಳುವಂತೆ ಅತ್ತಿತು. ಅದು ಆಮೇಲಿನ ಮಾತು.

"ಸರಿ, ಇಳೀರಿ," ಅಂದೆ.

"ಆಪರೇಷನ್ ಬೇಡ ಅಂತ ಥಿಯೇಟರ್‌ಗೆ ಹೇಳಿ."

ಫೋನ್ ಕಿವಿಗಿಟ್ಟೆ. ಸಿಸ್ಟರ್ ಕಾಲು ಮೇಲೆತ್ತಿ, ಸ್ಟ್ರೆಚರ್ ಮೇಲೆ ಚಕ್ಕಂಬಕ್ಕಳ ಹಾಕಿದರು.

"ಸ್ಪೀಕರ್‌ಗೆ ಹಾಕಿ ಹೇಳಿ ಸಾರ್."