ಬೇಕರಿ ಮಾಸ್ಟರ ಹುಳಿಯಿಲ್ಲದ ಹಬ್ಬ

ಬೈಬಲ್ಲಿನಲ್ಲಿ ಹೇಳಿರುವ ಹಬ್ಬಗಳನ್ನು ಇನ್ನು ಮುಂದೆ ಒಂದೂ ಬಿಡದೆ ಆಚರಿಸಿಯೇ ಸಿದ್ಧ ಎಂದು ಬೇಕರಿ ಮಾಸ್ಟರು ಭಾನುವಾರದ ಆರಾಧನೆ ಮುಗಿಸಿ ಬಂದವರೇ ಘೋಷಿಸಿದರು. ಮೊದಲನೆಯದು ಹುಳಿಯಿಲ್ಲದ ರೊಟ್ಟಿಯ ಹಬ್ಬ. ಏಳು ದಿನ ಮನೆಯಲ್ಲಿ ಹಿಟ್ಟು ಉಬ್ಬಿಸುವ ಹುಳಿಯ ಸುಳಿವೂ, ಉಬ್ಬಿದ ಬ್ರೆಡ್ಡಿನ ಚೂರೂ ಇರಕೂಡದು. ಹಿಟ್ಟು ಉಬ್ಬಿಸಿಯೇ ಹೊಟ್ಟೆ ಹೊರೆಯುವ ಮನುಷ್ಯ ಇಂಥ ಹಬ್ಬಕ್ಕೆ ಕೈಹಾಕುವುದೆಂದರೆ, ಕ್ಷೌರಿಕ ಗಡ್ಡ ಬಿಡುವ ವ್ರತ ಹಿಡಿದ ಹಾಗೆ!

ಅವರ ಹಟದ ಹಿಂದೆ ಒಂದು ಆಸೆಯಿತ್ತು. ಊರಿಗೆ ಹಬ್ಬ ಬಂದರೆ ಮಾಸ್ಟರಿಗೆ ಒಲೆ. ಕ್ರಿಸ್‌ಮಸ್ಸಿಗೆ ಊರಿನ ಕೇಕನ್ನೆಲ್ಲ ಬೇಯಿಸಿ ಮನೆ ಸೇರುವಷ್ಟರಲ್ಲಿ ಹೆಂಡತಿ ಒಬ್ಬಳೇ ಉಂಡು ಮಲಗಿರುತ್ತಿದ್ದಳು. ಬ್ರೆಡ್ಡು ಮುಟ್ಟಲೇಬಾರದು ಎಂದು ದೇವರೇ ಹೇಳಿದ ಹಬ್ಬ ಇದೊಂದೇ. ಒಮ್ಮೆಯಾದರೂ ರಜ ಹಾಕಿ, ನಾಲ್ಕು ಜನರ ನಡುವೆ ಕೂತು ಉಣ್ಣಬೇಕೆಂದು ಅವರ ಜೀವ ಹಂಬಲಿಸುತ್ತಿತ್ತು.

ಪಾಸ್ಟರು ತಿಳಿಹೇಳಿ ನೋಡಿದರು. ಆ ಹಬ್ಬಗಳೆಲ್ಲ ಬರಲಿದ್ದ ಕ್ರಿಸ್ತನ ಬರೀ ನೆರಳು, ಆತನೇ ಬಂದ ಮೇಲೆ ನೆರಳಿಗೆ ಯಾಕೆ ಜೋತುಬೀಳುತ್ತೀರಿ ಎಂದರು.

"ನಾನು ದಿನಾ ಬೆಂಕಿ ಮುಂದೆ ನಿಲ್ಲೋನು ಪಾಸ್ಟರೇ, ನೆರಳೂ ಬೇಕು," ಎಂದರು ಮಾಸ್ಟರು.

ಹಬ್ಬದ ಮೊದಲ ದಿನ ಬೆಳಗ್ಗೆ, ಹೆಂಡತಿ ಹೊಲಿಗೆ ಅಂಗಡಿಯ ಕೆಲಸಕ್ಕೆ ಹೋದದ್ದೇ ತಡ, ಮಾಸ್ಟರು ಸೊಂಟಕ್ಕೆ ಟವೆಲು ಬಿಗಿದರು. ಬ್ರೆಡ್ಡಿನ ತುಂಡು, ಬನ್ನಿನ ಪುಡಿ, ಎಲ್ಲ ಬೀದಿಪಾಲು. ಕೊನೆಗೆ ಕಪಾಟಿನ ಮೂಲೆಯ ಜಾಡಿ ಕೈಗೆ ಬಂತು. ಅದರಲ್ಲಿದ್ದದ್ದು ತೀರಿಹೋದ ಅತ್ತೆ ಹುದುಗಿಸಿದ ಹುಳಿಹಿಟ್ಟು. ಹೆಂಡತಿ ದಿನಾ ಸಂಜೆ ಅದಕ್ಕೊಂದು ಚಮಚ ಹಿಟ್ಟು, ಒಂದು ಗುಟುಕು ನೀರು ಹಾಕಿ ಜೀವ ಉಳಿಸಿಕೊಂಡು ಬಂದಿದ್ದಳು. ಮಾಸ್ಟರು ಒಂದು ಗಳಿಗೆ ಅಳುಕಿದರು. ಆದರೆ ಹುಳಿ ಅಂದ ಮೇಲೆ ಅತ್ತೆಯ ಹುಳಿಗೆ ರಿಯಾಯಿತಿ ಉಂಟೆ? ಹಬ್ಬ ಮುಗಿದ ಮೇಲೆ ಬೇಕರಿಯಿಂದ ಇದಕ್ಕಿಂತ ಚುರುಕಾದದ್ದನ್ನು ತಂದುಕೊಟ್ಟರಾಯಿತು ಎಂದುಕೊಂಡು ಎಲ್ಲವನ್ನೂ ಮೋರಿಗೆ ಸುರಿದರು. ಜಾಡಿಯನ್ನು ಫಳಫಳ ತೊಳೆದು ಬೋರಲು ಹಾಕಿದರು.

ಸಂಜೆ ಹೆಂಡತಿ ಆ ಜಾಡಿಯ ಮುಂದೆ ಚಮಚ ಹಿಡಿದು ನಿಂತೇಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮನ ಕೈ ಮುಟ್ಟಿದ್ದು ಅಂತ ಈ ಮನೇಲಿ ಇದ್ದಿದ್ದು ಅದೊಂದೇ ಕಣ್ರೀ," ಎಂದಳು.

ಮಾಸ್ಟರ ಹಬ್ಬ ಅಲ್ಲಿಗೇ ಇಳಿದುಹೋಯಿತು. ಇನ್ನು ಉಳಿದದ್ದು ಒಂದೇ ದಾರಿ, ಅವಳ ಅಕ್ಕನ ಮನೆ. ತಾಯಿ ತೀರಿಕೊಂಡಾಗ ಅಕ್ಕತಂಗಿಯರು ಈ ಜಾಡಿ ತನಗೆ ತನಗೆ ಎಂದು ಕಿತ್ತಾಡಿ, ಕೊನೆಗೆ ಹಿಟ್ಟನ್ನು ಅರ್ಧರ್ಧ ಹಂಚಿಕೊಂಡು ಮಾತು ಬಿಟ್ಟಿದ್ದರು. ಈಗ ಅದೇ ಅಕ್ಕನೆದುರು ಕೈಚಾಚಬೇಕು. ಬರಿಗೈಯಲ್ಲಿ ಹೋಗುವುದು ಹೇಗೆಂದು ಮಾಸ್ಟರು ಹಬ್ಬಕ್ಕೆಂದು ಮಧ್ಯಾಹ್ನ ತಾವೇ ಸುಟ್ಟಿದ್ದ ಹುಳಿಯಿಲ್ಲದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡರು.

ಅಕ್ಕ ಬಾಗಿಲು ತೆರೆದದ್ದೇ ಹೆಂಡತಿ ಗಂಡನ ಬೆನ್ನ ಹಿಂದೆ ಸರಿದಳು. ಮಾಸ್ಟರೇ ತಲೆ ತಗ್ಗಿಸಿ ಎಲ್ಲ ಹೇಳಿ, ಒಂದು ಚಮಚ ಹುಳಿ ಬೇಡಿದರು.

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನನ್ನದು ಮೊದಲನೇ ಬೇಸಿಗೇಲೇ ಬೂಷ್ಟು ಹಿಡಿದು ಹೋಯ್ತು ಕಣೇ," ಎಂದಳು ತಂಗಿಗೆ. "ನಿನ್ನ ಹತ್ರ ಒಂಚೂರು ಕೇಳೋಣ ಅಂತ ಎಷ್ಟು ಸಲ ನಿಮ್ಮ ಬೀದಿ ತನಕ ಬಂದು ವಾಪಸ್ ಹೋಗಿದೀನಿ ಗೊತ್ತಾ?"

ಯಾರು ಮೊದಲು ಅತ್ತರೋ, ಯಾರು ಮೊದಲು ನಕ್ಕರೋ ಮಾಸ್ಟರಿಗೆ ತಿಳಿಯಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಅಮ್ಮನ ಮಾತು ಶುರುವಾಗಿ ನಿಲ್ಲಲೇ ಇಲ್ಲ. ಸಮಯ ನೋಡಿ ಮಾಸ್ಟರು ರೊಟ್ಟಿ ಬಿಚ್ಚಿಟ್ಟರು. ಅಕ್ಕ ಒಂದನ್ನು ಕಚ್ಚಿ ಎಳೆದಳು. ರೊಟ್ಟಿ ಜಗ್ಗಲಿಲ್ಲ.

"ಇನ್ನೂ ಆರು ದಿನ ಇದೆಯಂತೆ ಅಕ್ಕ, ಈ ಹಬ್ಬ," ಎಂದಳು ಹೆಂಡತಿ.

"ಆಚರಿಸೋದು ಸರಿಯೋ ತಪ್ಪೋ ಪಾಸ್ಟರು ನೋಡ್ಕೊಳ್ಳಲಿ. ನೀವು ಆರು ದಿನಾನೂ ಇಲ್ಲಿಗೇ ಬನ್ನಿ," ಎಂದಳು ಅಕ್ಕ. "ಆದ್ರೆ ರೊಟ್ಟಿ ನಾವು ಮಾಡ್ತೀವಿ. ನಿನ್ನ ಗಂಡ ಒಲೆ ಹತ್ರ ಬರೋದು ಬೇಡ, ಸುಮ್ನೆ ನಮ್ಮ ಜೊತೆ ಕೂತು ಉಣ್ಲಿ."

ಮಾಸ್ಟರು ಕುರ್ಚಿ ಎಳೆದುಕೊಂಡು ಅವರ ನಡುವೆ ಕೂತರು.