ಮಾವನ ಡಬ್ಬಕ್ಕೆ ಹೊಸ ಸ್ಪ್ರಿಂಗು

ಮಾವನ ಬಾಯಲ್ಲಿ ಒಂದೇ ಒಂದು ಸಲ 'ಅಳಿಯಂದ್ರೇ' ಅನ್ನಿಸಿಕೊಳ್ಳಬೇಕು ಅನ್ನುವ ಚಪಲ ಇಲ್ಲದಿದ್ದರೆ ಅವತ್ತು ಯಾವ ಗಲಾಟೆಯೂ ಆಗುತ್ತಿರಲಿಲ್ಲ.

ಅಳಿಯ ಕೆಲಸ ಮಾಡುತ್ತಿದ್ದದ್ದು ಕನ್ನಡಕದಂಗಡಿಯಲ್ಲಿ. ಮದುವೆಯಾಗಿ ಎಂಟು ತಿಂಗಳು, ಬಿಡಾರ ಹೆಂಡತಿಯ ಮನೆಯಲ್ಲೇ. ಮಾವ ಅವನನ್ನು ಕರೆಯುತ್ತಿದ್ದದ್ದು 'ಕನ್ನಡಕ' ಎಂದು. "ಏ ಕನ್ನಡಕ, ಪೇಪರ್ ಕೊಡು." "ಏ ಕನ್ನಡಕ, ಫ್ಯಾನ್ ಹಾಕು." ಮಾವನ ಮೂಗಿನ ಮೇಲಿದ್ದ ಕನ್ನಡಕಕ್ಕಾದರೂ ಮರ್ಯಾದೆಯಿತ್ತು, ಅದನ್ನು ದಿನಕ್ಕೆರಡು ಸಲ ಒರೆಸಿ ಜೋಪಾನವಾಗಿ ಡಬ್ಬಿಯಲ್ಲಿಡುತ್ತಿದ್ದರು. ಇವನಿಗೆ ಅದೂ ಇಲ್ಲ. ನಾವಾದರೂ ಅಳಿಯ ಅಂತಲೇ ಕರೆಯೋಣ, ಪಾಪ.

ಮಾವ ರಿಟೈರಾದ ಬಸ್ ಡ್ರೈವರು. ಬೀದಿಯವರೆಲ್ಲ ಅವರನ್ನು 'ಉಸ್ತಾದ್ರು' ಅನ್ನುತ್ತಿದ್ದರು. ಆ ಹೆಸರು ಬಂದದ್ದು ಬಸ್ಸಿನಿಂದಲ್ಲ, ವಿಡಿಯೋ ಗೇಮಿನಿಂದ. ಪ್ರಾಯದಲ್ಲಿ ಅವರೂ ಅವರ ಜೀವದ ಗೆಳೆಯ ಬೇಕರಿಯವರೂ ಡಿಪೋ ಪಕ್ಕದ ಗೇಮ್ ಪಾರ್ಲರಿನಲ್ಲೇ ಬಿದ್ದುಕೊಂಡಿರುತ್ತಿದ್ದರು. ಪಾರ್ಲರ್ ಮುಚ್ಚಿದ ದಿನ ಅದರ ಮಾಲೀಕ ಮೆಷೀನುಗಳ ಜಾಯ್‌ಸ್ಟಿಕ್ಕು, ಗುಂಡಿಗಳನ್ನು ಕಿತ್ತು ಇಬ್ಬರಿಗೂ ಒಂದೊಂದು ಸೆಟ್ ಕೊಟ್ಟ. ಇಬ್ಬರೂ ಅದಕ್ಕೊಂದು ಮರದ ಡಬ್ಬ ಮಾಡಿಸಿ, ಟೀವಿಗೆ ತಗುಲಿಸಿ, ಅಂದಿನಿಂದ ವರ್ಷಕ್ಕೊಂದು ಪಂದ್ಯ ಆಡುತ್ತಿದ್ದರು. ಗೆದ್ದವನು ಮುಂದಿನ ಪಂದ್ಯದ ತನಕ ಉಸ್ತಾದ್. ಸೋತವನು ಅವನನ್ನು ಬೀದಿಯಲ್ಲಿ, ಅಂಗಡಿಯಲ್ಲಿ, ಎಲ್ಲರೆದುರಿಗೂ ಹಾಗೇ ಕರೆಯಬೇಕು. ಬಹಳ ವರ್ಷದಿಂದ ಮಾವನೇ ಗೆಲ್ಲುತ್ತಿದ್ದರು, ಅದೂ ಕೂದಲೆಳೆಯಷ್ಟರಲ್ಲಿ.

ಈ ವರ್ಷದ ಪಂದ್ಯ ಅವತ್ತೇ ಸಂಜೆ. ಅಳಿಯನಿಗೆ ಇದೇ ಮೊದಲನೇ ಪಂದ್ಯ, ಆದ್ದರಿಂದ ಮಾವನಿಗಿಂತ ಅವನಿಗೇ ಹೆಚ್ಚು ಆತಂಕ. ಯಾಕೆಂದರೆ ಮಾವನ ಡಬ್ಬ ಕೆಟ್ಟು ಕೆರ ಹಿಡಿದಿತ್ತು. ಸ್ಟಿಕ್ಕು ಎಡಕ್ಕೆ ವಾಲಿಕೊಂಡಿತ್ತು. ಬಲಕ್ಕೆ ಹೋಗಬೇಕಾದರೆ ಭುಜ ಕೊಟ್ಟು ನೂಕಬೇಕು. ಮೂರನೇ ಗುಂಡಿ ಒತ್ತಿದರೆ ಒಳಗೇ ಕೂತುಬಿಡುತ್ತಿತ್ತು. ಒಂದು ತಿಂಗಳಿಂದ ಮಾವ ತಮ್ಮ ಡಬ್ಬಕ್ಕೆ ಟವೆಲ್ ಹೊದಿಸಿಟ್ಟು, ಎಲ್ಲಿಂದಲೋ ತಂದ ಒಂದು ಪ್ಲಾಸ್ಟಿಕ್ ಸ್ಟಿಕ್ಕಿನಲ್ಲಿ ಅಭ್ಯಾಸ ಮಾಡುತ್ತಿದ್ದರು.

"ಡಬ್ಬ ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳೋಕೂ ನಾಚಿಕೆ ನಿಮ್ಮಪ್ಪನಿಗೆ," ಅಂದ ಅಳಿಯ ಹೆಂಡತಿಗೆ. "ನಾನೇ ರಿಪೇರಿ ಮಾಡಿಕೊಡ್ಲಾ ಅಂದ್ರೆ, 'ಮುಟ್ಟಿದ್ರೆ ಕೈ ಮುರೀತೀನಿ' ಅಂದ್ರು. ಎಷ್ಟು ಸ್ವಾಭಿಮಾನ ನೋಡು!"

"ಮುಟ್ಟಬೇಡಿ ಅಂದ್ರೆ ಮುಟ್ಟಬೇಡಿ ಅಂತ ಅರ್ಥ," ಅಂದು ಹೆಂಡತಿ ಕೆಲಸಕ್ಕೆ ಹೊರಟಳು.

ಆದರೆ ಅಳಿಯ ಆಗಲೇ ಹೊಸ ಸ್ಟಿಕ್ಕು, ಸ್ಪ್ರಿಂಗು, ಆರು ಗುಂಡಿ ತರಿಸಿ ಮಂಚದ ಕೆಳಗೆ ಬಚ್ಚಿಟ್ಟಿದ್ದ. ಮಾವನಿಗೆ ಕೈಯಿಟ್ಟಾಗ ಮಾತ್ರ ಗೊತ್ತಾಗಲಿ ಅಂತ ಎಲ್ಲವೂ ಹಳೆಯದರ ಬಣ್ಣದ್ದೇ. ಅಂಗಡಿಗೆ ಫೋನ್ ಮಾಡಿ "ಕಣ್ಣುನೋವು, ರಜ ಬೇಕು" ಅಂದ. ಕನ್ನಡಕದಂಗಡಿಯ ಮಾಲೀಕ ಅಷ್ಟಕ್ಕೆ ಬಿಡುತ್ತಾನೆಯೇ? ಫೋನಿನಲ್ಲೇ "ಈಗ ಎಷ್ಟು ಬೆರಳು ಕಾಣ್ತಿದೆ?" ಅಂತ ಕೇಳಿದ. ಅಳಿಯ ಗಾಬರಿಯಲ್ಲಿ "ಮೂರು" ಅಂದುಬಿಟ್ಟ. "ಸರಿಯಾಗೇ ಹೇಳಿದೆಯಲ್ಲೋ!" ಅಂದ ಮಾಲೀಕ. ಅಳಿಯ ಫೋನ್ ಇಟ್ಟುಬಿಟ್ಟ.

ಮಾವ ಕ್ಷೌರಕ್ಕೆಂದು ಸ್ಕೂಟರ್ ಹತ್ತಿದ್ದೇ ತಡ, ಟವೆಲ್ ತೆಗೆದು ಡಬ್ಬದ ತಳ ಬಿಚ್ಚಿದ. ಸ್ಟಿಕ್ಕಿನ ಬುಡದಲ್ಲಿ ಒಂದು ರಬ್ಬರ್ ಚೂರು ಸಿಕ್ಕಿಕೊಂಡಿತ್ತು. ಬ್ಲೇಡಿನಲ್ಲಿ ಕೊಯ್ದ ಹಾಗೆ ಅಚ್ಚುಕಟ್ಟಾಗಿತ್ತು. ಮೂರನೇ ಗುಂಡಿಯ ಕೆಳಗೆ ನಾಲ್ಕು ಮಡಿಕೆ ಮಡಿಸಿದ ರಟ್ಟು. "ಯಾವುದೋ ಮಗು ತುರುಕಿದೆ," ಅಂದುಕೊಂಡ ಅಳಿಯ. ಆ ಮನೆಯಲ್ಲಿ ಹದಿನೈದು ವರ್ಷದಿಂದ ಮಗುವೇ ಇರಲಿಲ್ಲ ಅನ್ನುವುದು ಅವನಿಗೆ ಹೊಳೆಯಲಿಲ್ಲ. ಕೈಗೆ ಸ್ಕ್ರೂಡ್ರೈವರ್ ಬಂದಿತ್ತಲ್ಲ! ಹಳೇ ಸಾಮಾನನ್ನೆಲ್ಲ, ಆ ರಬ್ಬರು ರಟ್ಟು ಸಮೇತ, ಒಂದು ಬಿಸ್ಕತ್ ಡಬ್ಬಿಗೆ ಹಾಕಿಟ್ಟ. ಗೆದ್ದ ಮೇಲೆ ಮಾವನ ಮುಂದೆ ತೆರೆದು ತೋರಿಸಬೇಕಲ್ಲ.

ಹೊಸ ಸ್ಪ್ರಿಂಗನ್ನು ಸ್ಟಿಕ್ಕಿಗೆ ಅದುಮಿ ಕೂರಿಸುವಾಗ ಅದು 'ಟೊಯ್ಂಗ್' ಅಂತ ಹಾರಿತು. ಅದೇ ಗಳಿಗೆಗೆ ಬಾಗಿಲಲ್ಲಿ ಮೇಲ್ಮನೆಯ ಸಂಗೀತದ ಟೀಚರ್ ಪ್ರತ್ಯಕ್ಷರಾದರು.

"ಏನ್ರೀ ಇದು ಟಕಟಕ ಸದ್ದು? ನನ್ನ ಮಕ್ಕಳಿಗೆ ತಾಳ ತಪ್ತಿದೆ!"

"ಅಲುಗಾಡಬೇಡಿ ಟೀಚರ್! ಸ್ಪ್ರಿಂಗು ಬಿತ್ತು!"

ಇನ್ನೊಬ್ಬರ ಮನೆಯಲ್ಲಿ ಏನಾದರೂ ಕಳೆದುಹೋಯಿತು ಅಂದರೆ ಟೀಚರಿಗೆ ಎಲ್ಲಿಲ್ಲದ ಹುರುಪು. ಸೋಫಾದ ಕೆಳಗೆ ತೂರಿದರು, ಚಾಪೆ ಕೊಡವಿದರು, "ನೀವು ಇಷ್ಟೊಂದು ಧೂಳಲ್ಲಿ ಹೇಗ್ರೀ ಇದ್ದೀರಿ?" ಅಂತ ಮೂರು ಸಲ ಕೇಳಿದರು. ಇಬ್ಬರೂ ನೆಲದ ಮೇಲೆ ತೆವಳುತ್ತಿರುವುದನ್ನು ಎದುರುಮನೆಯ ಬಡಗಿ ಕಿಟಕಿಯಿಂದ ನೋಡಿ, ಕುತೂಹಲ ತಡೆಯದೆ ಡ್ರಿಲ್ ಮೆಷೀನ್ ಹಿಡಿದುಕೊಂಡೇ ಬಂದ.

"ಏನ್ ಹುಡುಕ್ತಿದ್ದೀರಿ?"

"ಸ್ಪ್ರಿಂಗು. ಇಷ್ಟುದ್ದ, ಬೆಳ್ಳಗಿದೆ."

"ಟೀಚರ್ ತುರುಬಲ್ಲಿರೋದಾ?"

ಟೀಚರ್ ತುರುಬು ಮುಟ್ಟಿ ನೋಡಿಕೊಂಡರು. "ಅದಕ್ಕೇ ಬೆಳಗಿಂದ ತಲೆ ಭಾರ!" ಅಂದರು, ಅದು ಬಿದ್ದು ಅರ್ಧ ಗಂಟೆಯೂ ಆಗಿರದಿದ್ದರೂ.

ಬಂದ ಬಡಗಿ ಸುಮ್ಮನೆ ಹೋಗುವ ಪೈಕಿಯೇ? ಹೊಸ ಗುಂಡಿಗಳು ಹಳೇ ತೂತುಗಳಿಗಿಂತ ಚೂರು ದಪ್ಪ ಇದ್ದವು. "ಉಜ್ಜು ಕಾಗದದಲ್ಲಿ ಉಜ್ಜಿದ್ರೆ ಸಾಕು," ಅಂದ ಅಳಿಯ. "ಅಯ್ಯೋ ಬಿಡಿ, ನಾನಿರೋವಾಗ ಉಜ್ಜೋದೇನು!" ಅಂದ ಬಡಗಿ 'ಗರ್ರ್' ಅನ್ನಿಸಿಯೇಬಿಟ್ಟ. ಐದು ತೂತು ಚಿನ್ನದಂಥವು ಬಂದವು. ಆರನೆಯದರ ಹೊತ್ತಿಗೆ ಟೀಚರ್ "ಸ್ವಲ್ಪ ಈ ಕಡೆ" ಅಂದರು, ಅವನು ತಿರುಗಿ "ಯಾವ ಕಡೆ?" ಅಂದ, ಆರನೇ ತೂತಿನಲ್ಲಿ ಗುಂಡಿ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಒಳಗೇ ಹೋಯಿತು. ಅದಕ್ಕೆ ಸುತ್ತ ಮರದ ಪುಡಿ, ಗೋಂದು ಮೆತ್ತಿ, ಮೂವರೂ ಉಫ್ ಉಫ್ ಅಂತ ಊದಿ ಒಣಗಿಸಿದ್ದಾಯಿತು.

ಪರೀಕ್ಷೆ ಮಾಡುವುದಕ್ಕೆ ಟೀಚರನ್ನೇ ಕೂರಿಸಿದರು. ಆಟ ಇಷ್ಟೇ: ಪರದೆಯ ಮೇಲೊಂದು ಹಡಗು ಹಾರುತ್ತದೆ, ಮೇಲಿಂದ ಬಂಡೆಗಳು ಬೀಳುತ್ತವೆ, ತಪ್ಪಿಸಿಕೊಂಡು ಹೊಡೆಯುತ್ತಿರಬೇಕು. ಟೀಚರ್ ಮೇಲಕ್ಕೆ ಅಂದರೆ ಹಡಗು ಕೆಳಕ್ಕೆ ಹೋಯಿತು. "ವೈರು ತಲೆಕೆಳಗಾಗಿದೆ!" ಅಂತ ಅಳಿಯ ಬಿಚ್ಚಿ ಬದಲಿಸಿದ. ಈಗ ಹಡಗು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಆಡಿತು. ಅಳಿಯನಿಗೆ ಕುಣಿದಾಡುವಷ್ಟು ಖುಷಿ. ಆದರೆ ಟೀಚರ್ ಏಳಲೊಲ್ಲರು. ಮೇಲಿಂದ ಶಿಷ್ಯರು ಕೂಗಿದರೆ "ನೀವೇ ಹಾಡ್ಕೊಳ್ರೋ!" ಅಂದರು. "ಇದೊಂದು ಬಂಡೆ! ಇದೊಂದೇ ಬಂಡೆ!"

ಕೆಳಗೆ ಸ್ಕೂಟರ್ ಸದ್ದು ಕೇಳಿಸಿತು. ಬಡಗಿ ಟೀಚರನ್ನು ಕುರ್ಚಿ ಸಮೇತ ಹಿಂದಕ್ಕೆಳೆದ. ಅಳಿಯ ಸ್ಕ್ರೂಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದಾಗಿ ತೆಗೆದು ಬಿಗಿದ, ಟವೆಲ್ ಹೊದಿಸಿದ. ಮಾವ ಒಳಗೆ ಬಂದಾಗ ಅವನ ಬಾಯಲ್ಲಿ ಇನ್ನೂ ಒಂದು ಸ್ಕ್ರೂ ಉಳಿದಿತ್ತು.

"ಏ ಕನ್ನಡಕ, ಕೆಲಸಕ್ಕೆ ಹೋಗಿಲ್ವಾ?"

"ಹ್ಞುಂ ಹ್ಞುಂ."

"ಬಾಯಲ್ಲೇನೋ ಅದು?"

"ಏನಿಲ್ಲ ಮಾವ," ಅಂದ ಅಳಿಯ. ಆಗ ನಿಜವಾಗಿಯೂ ಏನೂ ಇರಲಿಲ್ಲ.

ಸಂಜೆ ಮನೆ ತುಂಬ ಜನ. ಬೇಕರಿಯವರು ಹುಬ್ಬಿನ ಮೇಲೆ ಹಿಟ್ಟು ಮೆತ್ತಿಕೊಂಡೇ, ತಮ್ಮ ಡಬ್ಬವನ್ನು ಏಪ್ರನ್ನಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದರು. ಮಾವ ಟವೆಲ್ ಎತ್ತಿದರು. "ಧೂಳು ಒರೆಸಿದ್ಯಾ? ಪರವಾಗಿಲ್ವೇ," ಅಂದರು. ಅಳಿಯ ಬಿಸ್ಕತ್ ಡಬ್ಬಿಯನ್ನು ಬೆನ್ನಹಿಂದೆ ಹಿಡಿದು ಉಬ್ಬಿಹೋದ. ಇನ್ನೇನು, ಮಾವ ಗೆಲ್ಲುತ್ತಾರೆ, ತಿರುಗಿ ನೋಡುತ್ತಾರೆ, ಅಳಿಯಂದ್ರೇ ಅನ್ನುತ್ತಾರೆ.

"ಸರಿ, ಅದಲುಬದಲು," ಅಂದರು ಬೇಕರಿಯವರು.

ಮಾವ ತಮ್ಮ ಡಬ್ಬವನ್ನು ಬೇಕರಿಯವರ ಮುಂದಕ್ಕೆ ತಳ್ಳಿ, ಅವರದನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಏ, ಅದು ಮಾವನ ಡಬ್ಬ ಅಲ್ವಾ?" ಅಂತ ಅಳಿಯ ಹೆಂಡತಿಯ ಕಿವಿಯಲ್ಲಿ ಕೇಳಿದ.

"ಅಯ್ಯೋ, ನಿಮಗೆ ಗೊತ್ತಿಲ್ವಾ? ಯಾರೂ ತಮ್ಮ ಡಬ್ಬಕ್ಕೆ ಏನೂ ಕೈಚಳಕ ಮಾಡ್ಕೊಂಡು ಬರಬಾರದು ಅಂತ, ಇವರದರಲ್ಲಿ ಅವರು, ಅವರದರಲ್ಲಿ ಇವರು ಆಡೋದು. ಪಾರ್ಲರ್ ಕಾಲದ ರೂಲು. ಯಾಕ್ರೀ ಬೆವರ್ತಿದ್ದೀರಿ?"

ಆಟ ಶುರುವಾಯಿತು. ಬೇಕರಿಯವರು ವರ್ಷಗಳ ಅಭ್ಯಾಸದಂತೆ ಭುಜ ಕೊಟ್ಟು ಬಲಕ್ಕೆ ನೂಕಿದರು. ಹಡಗು ಬಾಣದ ಹಾಗೆ ಹೋಗಿ ಅಂಚಿಗೆ ಬಡಿಯಿತು, ಅವರು ಕುರ್ಚಿಯಿಂದ ಅರ್ಧ ಜಾರಿದರು. ಎಲ್ಲ ನಕ್ಕರು. ಅವರು ಮಾತ್ರ ನಗದೆ ಸ್ಟಿಕ್ಕನ್ನು ಎರಡು ಬೆರಳಲ್ಲಿ ಮೆಲ್ಲಗೆ ಮುಟ್ಟಿದರು. ಹಡಗು ಮೆಲ್ಲಗೆ ಸರಿಯಿತು. "ಅರೆರೆರೆ!" ಅಂದರು ಬೇಕರಿಯವರು. ಅಲ್ಲಿಂದಾಚೆ ಆ ಹಡಗನ್ನು ಹಿಡಿಯುವವರಿಲ್ಲ. ಬಂಡೆಗಳು ಪುಡಿಪುಡಿ. ಟೀಚರ್ ಆಟ ಯಾರದ್ದು ಅನ್ನುವುದನ್ನೂ ಮರೆತು "ಹಾಗೇ! ಹಾಗೇ!" ಅಂತ ಚಪ್ಪಾಳೆ ಹೊಡೆದರು. ಮಾವ ಇತ್ತ ಬೇಕರಿಯವರ ಡಬ್ಬದ ಜೊತೆ ಗುದ್ದಾಡಿ, ಹಲ್ಲು ಕಚ್ಚಿ, ಕೊನೆಗೆ ಕೂದಲೆಳೆಯಲ್ಲಲ್ಲ, ಹಗ್ಗದಷ್ಟರಲ್ಲಿ ಸೋತರು.

ಮಾವ ಎದ್ದು ನಿಂತು, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು "ಉ... ಉಸ್ತಾದ್ರೇ" ಅಂದರು.

"ಅಲ್ಲಯ್ಯ, ನಿನ್ನ ಡಬ್ಬಕ್ಕೆ ಏನಾಯ್ತು? ಹೂವಿನ ಹಾಗಿದೆ!" ಅಂದರು ಬೇಕರಿಯವರು.

"ನಾವೇ ರಿಪೇರಿ ಮಾಡಿದ್ದು!" ಅಂತ ಬಡಗಿ ಎದೆ ತಟ್ಟಿಕೊಂಡ. "ತೂತು ಪೂರಾ ನಂದು!"

"ಟೆಸ್ಟಿಂಗ್ ನಂದು!" ಅಂದರು ಟೀಚರ್.

"ಹಳೇ ಸಾಮಾನು ತೋರಿಸ್ರೀ!" ಅಂತ ಬಡಗಿ ಅಳಿಯನ ಬೆನ್ನಹಿಂದಿನ ಡಬ್ಬಿ ಕಿತ್ತು ಮೇಜಿನ ಮೇಲೆ ಸುರಿದ. ರಬ್ಬರ್ ಚೂರು ಉರುಳಿಕೊಂಡು ಹೋಗಿ ಸರಿಯಾಗಿ ಬೇಕರಿಯವರ ಮುಂದೆ ನಿಂತಿತು.

"ಇದೇನಿದು?"

"ಸ್ಟಿಕ್ಕಿನ ಬುಡದಲ್ಲಿತ್ತು. ಯಾವುದೋ ಮಗು ತುರುಕಿದ್ದಂತೆ," ಅಂದ ಬಡಗಿ.

"ಮಗುವಾ?" ಬೇಕರಿಯವರು ಮಾವನನ್ನು ನೋಡಿದರು. "ಅರವತ್ತೇಳು ವರ್ಷದ ಮಗು! ಲೋ, ವರ್ಷಗಟ್ಟಲೆ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡೆನಲ್ಲೋ, ವಯಸ್ಸಾಯ್ತು ಅಂತ!"

ಮಾವ ಕಿವಿಯ ತುದಿಯವರೆಗೂ ಕೆಂಪಾದರು. ಅವರ ಮಾನ ಉಳಿಸಲು ಅಳಿಯ ಮುಂದೆ ನುಗ್ಗಿದ. "ಹಳೇ ಡಬ್ಬ ಅಂದ್ಮೇಲೆ ಎಲ್ಲದರಲ್ಲೂ ಕಸ ಸೇರತ್ತೆ ಬಿಡಿ! ನಿಮ್ಮದರಲ್ಲೂ ಇರತ್ತೆ, ತೋರಿಸ್ತೀನಿ ನೋಡಿ!" ಅಂತ ಬೇಕರಿಯವರ ಡಬ್ಬಕ್ಕೆ ಸ್ಕ್ರೂಡ್ರೈವರ್ ಹಚ್ಚಿದ.

"ಬೇಡ ಬೇಡ ಬೇಡ!" ಅಂತ ಬೇಕರಿಯವರು ಹಾರಿದರು. ಅಷ್ಟರಲ್ಲಿ ತಳ ಕಳಚಿಕೊಂಡಿತ್ತು. ಒಳಗೆ, ಸ್ಟಿಕ್ಕಿನ ಬುಡಕ್ಕೆ ಅಚ್ಚುಕಟ್ಟಾಗಿ ಸಿಕ್ಕಿಸಿದ ಒಂದು ರಸ್ಕಿನ ತುಂಡು.

ಮಾವ ಅದನ್ನು ಎತ್ತಿ ಮೂಸಿದರು. "ನಿನ್ನ ಬೇಕರೀದೇ."

"ತಾಜಾ ಮಾಲು," ಅಂದರು ಬೇಕರಿಯವರು ತಲೆ ತಗ್ಗಿಸಿ. "ಪ್ರತಿ ವರ್ಷ ಹೊಸದು ಹಾಕ್ತೀನಿ."

"ಗೊತ್ತು ಕಣೋ. ಅದಕ್ಕೇ ತಿಂಗಳಿಂದ ಪ್ಲಾಸ್ಟಿಕ್ ಸ್ಟಿಕ್ಕಿಗೆ ರಸ್ಕು ತುರುಕಿ ಅಭ್ಯಾಸ ಮಾಡ್ತಿದ್ದೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಮಾವನ ಹೊಟ್ಟೆ ಕುಲುಕಿತು, ಆಮೇಲೆ ಬೇಕರಿಯವರದು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು ತಬ್ಬಿಕೊಂಡರು. ಕೊನೆಗೆ ಬೇಕರಿಯವರೇ ತೀರ್ಪು ಕೊಟ್ಟರು: ಇವತ್ತಿನದು ಲೆಕ್ಕಕ್ಕಿಲ್ಲ, ಬರೋ ವಾರ ಮತ್ತೆ ಪಂದ್ಯ, ಎರಡೂ ಡಬ್ಬ ಈ ಹುಡುಗನೇ ನೋಡಿಕೊಳ್ಳಲಿ, ಒಳಗೆ ಒಂದು ಇರುವೆಯೂ ಇರಕೂಡದು. ಮಾವ "ಧರ್ಮವಾದ ಮಾತು" ಅಂದರು. ಎಲ್ಲರೂ ಹೌದೌದು ಅಂದರು. ಬೇಕರಿಯವರು ಬಾಗಿಲ ಬಳಿ ಕೂತು ಶೂ ಹಾಕಿಕೊಳ್ಳತೊಡಗಿದರು.

ಆಗ ಅಳಿಯನ ಭುಜದ ಮೇಲೆ ಒಂದು ಭಾರವಾದ, ಬೆಚ್ಚಗಿನ ಕೈ ಬಿತ್ತು. ಮಾವ ಅವನ ಕಿವಿಗೆ ಬಾಯಿಟ್ಟರು.

"ಅಳಿಯಂದ್ರೇ..."

ಎಂಟು ತಿಂಗಳು! ಎಂಟು ತಿಂಗಳು ಕಾದಿದ್ದ ಮಾತು! ಅಳಿಯನ ಕಣ್ಣು ತುಂಬಿ ಬಂತು.

"...ನನ್ನ ಡಬ್ಬಕ್ಕೆ ರಬ್ಬರ್ ಹಾಕಿಬಿಡಿ. ಈ ಸಲ ಸ್ವಲ್ಪ ದಪ್ಪದ್ದು."

"ಆಗ್ಲಿ ಮಾವಾ!" ಅಳಿಯ ಸಂತೋಷ ತಡೆಯಲಾರದೆ ಮೇಲ್ಮನೆಗೂ ಕೇಳುವಂತೆ ಕೂಗಿದ. "ದಪ್ಪದ್ದೇ ಹಾಕ್ತೀನಿ! ಎಷ್ಟು ದಪ್ಪ ಬೇಕು ಹೇಳಿ, ರಬ್ಬರು!"

ಬೇಕರಿಯವರು ಒಂದೇ ಕಾಲಿಗೆ ಶೂ ಹಾಕಿಕೊಂಡು ತಿರುಗಿದರು. ಬಡಗಿ ತಿರುಗಿದ, ಟೀಚರ್ ತಿರುಗಿದರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾವ ಅಳಿಯನ ಭುಜದಿಂದ ಕೈ ತೆಗೆದರು. ಮೂಗಿನ ಮೇಲಿದ್ದ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು, ಜೋಪಾನವಾಗಿ ಡಬ್ಬಿಯೊಳಗಿಟ್ಟರು, ಟಕ್ಕೆಂದು ಮುಚ್ಚಿದರು.

"ಏ ಕನ್ನಡಕ," ಅಂದರು, "ಫ್ಯಾನ್ ಹಾಕು."